ಬಂಡೆಯ ಮೇಲೆ ಅವಳು ಮಾಡಿದ ಮಣ್ಣು

ರಬಾಳೆಯ ಕಾರ್ಖಾನೆಗಳ ಹಿಂದಿನ ಗುಡ್ಡದಲ್ಲಿ ಕಲ್ಲಿನ ಕ್ವಾರಿಯೊಂದಿತ್ತು. ಊರು ಬಿಟ್ಟು ನಾವು ಮಹಾನಗರದ ಅಂಚಿನ ಕೋಪರಖೈರಣೆಗೆ ಬಂದ ಹೊಸತರಲ್ಲಿ ಅಲ್ಲಿ ಮದ್ದು ಸಿಡಿಸಿದ ಸದ್ದು ಮನೆಯವರೆಗೂ ಕೇಳುತ್ತಿತ್ತು. ಕ್ವಾರಿ ನಿಂತ ಮೇಲೆ ಉಳಿದದ್ದು ಕಪ್ಪು ಬಂಡೆಯ ಮೆಟ್ಟಿಲುಗಳು ಮತ್ತು ಕಲ್ಲಿನ ಹುಡಿ. ಅಲ್ಲಿ ಗಿಡ ಬೆಳೆಸುವ ಗುಂಪಿಗೆ ನನ್ನ ಹೆಂಡತಿ ಸೇರಿದಾಗ, "ನೆಡುವುದು ಯಾವುದರಲ್ಲಿ? ಮಣ್ಣೇ ಇಲ್ಲವಲ್ಲ" ಎಂದು ಕೇಳಿದ್ದೆ.

"ಮಾಡುವ" ಎಂದಳು. ದೋಸೆ ಹಿಟ್ಟು ಮುಗಿದಿದೆ ಎಂದರೆ ರುಬ್ಬುವ ಎನ್ನುವ ಹಾಗೆ.

ನಾನು ಹೋಟೆಲಿನ ಕೌಂಟರಿನಲ್ಲಿ ಕೂರುವವನು. ಬೆಳಗಿನ ಹೊತ್ತು ಬಿಟ್ಟು ಹೋಗುವಂತಿರಲಿಲ್ಲ. ಹಾಗಾಗಿ ನನ್ನ ಪಾಲಿಗೆ ಬಂದದ್ದು ಕೊಳೆತು ಮಣ್ಣಾಗುವುದನ್ನೆಲ್ಲ ಸರಬರಾಜು ಮಾಡುವ ಕೆಲಸ. ತರಕಾರಿ ಸಿಪ್ಪೆ, ಸೋಸಿ ಉಳಿದ ಚಹಾಪುಡಿ, ನಮ್ಮ ಬಾಗಿಲ ಬಳಿ ಎಳನೀರು ಮಾರುವವನ ಗಾಡಿಯಲ್ಲಿ ಉಳಿದ ಬೊಂಡದ ಸಿಪ್ಪೆ. ಸಾಂಬಾರು ತಾಗಿದ್ದನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಮಣ್ಣಿಗೆ ಉಪ್ಪು ಆಗದು ಎನ್ನುತ್ತಿದ್ದಳು.

ಅದನ್ನೆಲ್ಲ ಟೆಂಪೊದಲ್ಲಿ ಗುಡ್ಡ ಹತ್ತಿಸುತ್ತಿದ್ದವರು ವಿಜಯಪುರ ಕಡೆಯ ಒಬ್ಬ ಹಿರಿಯರು. ಒಂದು ಕಾಲಕ್ಕೆ ಇದೇ ಕ್ವಾರಿಯಲ್ಲಿ ಡಂಪರ್ ಓಡಿಸಿದವರು. "ಗುಡ್ಡಾ ಇಳಿಸಿದಾಂವನೂ ನಾನ, ಈಗ ಏರಸಾಂವನೂ ನಾನ" ಎಂದು ನಗುತ್ತಿದ್ದರು.

ಮೊದಲ ವರ್ಷ ಅವಳ ಲೆಕ್ಕ ತಪ್ಪಿತು. ಉಡುಪಿ ಕಡೆ ತೆಂಗಿನ ಬುಡದಲ್ಲಿ ಕಾಯಿಯ ಸಿಪ್ಪೆ ಹುಗಿಯುವಾಗ ಒಳಮೈ ಮೇಲಾಗಿ ಇಡುತ್ತಾರೆ. ಒಂದೊಂದು ಸಿಪ್ಪೆಯೂ ಬಟ್ಟಲಿನಂತೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ತವರಿನಲ್ಲಿ ನೋಡಿದ್ದನ್ನೇ ಅವಳು ಇಲ್ಲೂ ಮಾಡಿದಳು. ಅಲ್ಲಿ ಹೆಚ್ಚಿನ ನೀರು ಕೆಳಗೆ ಇಂಗುತ್ತದೆ, ಇಲ್ಲಿ ಕೆಳಗಿದ್ದದ್ದು ಬಂಡೆ. ಮಳೆಗಾಲದಲ್ಲಿ ಪಾತಿಗಳು ತುಂಬಿ ಸಸಿಗಳ ಬೇರು ಕೊಳೆತವು. ಅಂಚು ಒಡೆದು ಅರ್ಧ ಮಣ್ಣು ಕೆಳಗಿನ ಚರಂಡಿ ಸೇರಿತು.

"ಅಕ್ಕಾರ, ಇಲ್ಲಿ ಗಿಡಾ ನೆಟ್ಟೀರೋ, ಎಮ್ಮಿ ಮಲಗಾಕ ಹೊಂಡಾ ಮಾಡೀರೋ?" ಎಂದರಂತೆ ಹಿರಿಯರು.

"ನಿಮ್ಮ ಎಮ್ಮೆ ಇದ್ರೆ ತನ್ನಿ ಮಾರಾಯ್ರೆ, ಸೆಗಣಿಯಾದ್ರೂ ಸಿಗ್ತದೆ."

ಸಂಜೆ ಇದನ್ನು ನನಗೆ ಹೇಳುವಾಗಲೂ ನಗುತ್ತಿದ್ದಳು. ಮಳೆ ಕಳೆದ ಮೇಲೆ ಪಾತಿಗಳನ್ನು ಬಗೆದು, ಸಿಪ್ಪೆಗಳನ್ನೆಲ್ಲ ಬೋರಲು ಹಾಕಿ, ಮತ್ತೆ ಮೊದಲಿನಿಂದ ಮಣ್ಣು ಕಟ್ಟಿದಳು. ತಗ್ಗಿನ ಅಂಚಿಗೆ ಬೇರಿನಿಂದ ಮಣ್ಣು ಹಿಡಿಯುವ ಲಾವಂಚದ ಸಾಲು, ಹಿಂದೆ ಹೊಂಗೆ, ಮುತ್ತುಗ. ಅವಳಲ್ಲಿ ನಾನು ಎಲ್ಲಕ್ಕಿಂತ ಮೆಚ್ಚಿದ್ದು ಇದನ್ನೇ. ಕೆಟ್ಟುಹೋದ ಕೆಲಸದ ಮುಂದೆ ಅವಳು ಕೊರಗುತ್ತ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ.

"ಬರುವ ಮಳೆಗೆ ಕೆಳಗೆ ಇಳಿಯುವ ನೀರು ನೋಡಬೇಕು" ಎಂದಿದ್ದಳು. "ಕದಡಿ ಬಂದ್ರೆ ನನ್ನ ಮಣ್ಣು ಹೋಯ್ತು ಅಂತ. ತಿಳಿ ಬಂದ್ರೆ ನಿಂತಿತು ಅಂತ."

ಆ ಮಳೆಗೆ ಅವಳಿರಲಿಲ್ಲ. ಏಪ್ರಿಲಿನ ಸೆಕೆಯಲ್ಲಿ ಜ್ವರವೆಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ.

ಉತ್ತರಕ್ರಿಯೆ ಮುಗಿದ ಮರುದಿನ ಬಿಲ್ಡಿಂಗಿನ ಕೆಳಗೆ ಟೆಂಪೊದ ಹಾರ್ನ್ ಕೇಳಿಸಿತು. "ಅಣ್ಣಾರ, ಗಿಡಕ್ಕ ಸೂತಕ ಗೊತ್ತಾಗಂಗಿಲ್ಲ. ನೀರ ಕೇಳ್ತಾವ. ಬರ್ರಿ."

ಹೋದೆ. ಪಾತಿಯಿಂದ ಒಂದು ಹಿಡಿ ಎತ್ತಿದೆ. ನಮ್ಮ ಅಡುಗೆಮನೆಯ ಯಾವ ಗುರುತೂ ಅದರಲ್ಲಿ ಉಳಿದಿರಲಿಲ್ಲ. ಕಪ್ಪಗೆ, ಪುಡಿಪುಡಿಯಾಗಿ, ತಣ್ಣಗಿತ್ತು. ಎರೆಹುಳವೊಂದು ಬೆರಳಿನ ಸಂದಿಯಿಂದ ಜಾರಿ ಕೆಳಗೆ ಬಿತ್ತು. ಬರಿಯ ಬಂಡೆಯ ಮೇಲೆ ಅದು ಎಲ್ಲಿಂದ ಬಂತೋ. ಇಷ್ಟೆಲ್ಲ ಮಾಡಿದ್ದಾಳೆಂದು ಅವಳ ಮಾತಿನಿಂದ ನನಗೆ ಅಂದಾಜಾಗಿರಲಿಲ್ಲ. ಅವಳು ಹೇಳುತ್ತಿದ್ದದ್ದು ಬರೀ ತಮಾಷೆಯ ಭಾಗ. ಅಂದಿನಿಂದ ಬೆಳಗಿನ ಕೌಂಟರನ್ನು ತಮ್ಮನಿಗೆ ಒಪ್ಪಿಸಿ ನೀರು ಹೊತ್ತೆ. ಸಸಿಗಳು ಉಳಿದವು. ಆದರೆ ನನ್ನ ಚಿಂತೆ ಸಸಿಗಳದ್ದಲ್ಲ. ಅವಳ ಕೈಯ ಮಣ್ಣು ಇನ್ನೊಮ್ಮೆ ಚರಂಡಿಗೆ ಹೋಗುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಜೂನಿನಲ್ಲಿ ಒಂದು ರಾತ್ರಿಯಿಡೀ ಸುರಿಯಿತು. ಬೆಳಿಗ್ಗೆ ನಾನು ಕೊಡೆ ತೆಗೆದದ್ದು ನೋಡಿ ಇಲ್ಲೇ ಹುಟ್ಟಿ ಬೆಳೆದು ಹಿಂದಿಯೇ ಬಾಯಿಗೆ ಬರುವ ಮಗಳು, ಒಬ್ಬನೇ ಹೋಗಬೇಡ, ತಾನೂ ಬರುತ್ತೇನೆಂದು ಚಪ್ಪಲಿ ಹಾಕಿಕೊಂಡಳು. "ಅಕೇಲೆ ಮತ್ ಜಾವೋ ಪಪ್ಪಾ. ಮೈ ಭೀ ಆ ರಹೀ ಹೂಂ."

ಹಿರಿಯರು ಆಗಲೇ ಅಲ್ಲಿದ್ದರು, ತಲೆಯ ಮೇಲೆ ಗೋಣಿ ಹಾಕಿಕೊಂಡು. ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. ಪಾತಿಯ ಕೆಳಗೆ ಬಂಡೆಯಲ್ಲಿ ಒಂದು ಸೀಳು. ಅದರಲ್ಲಿ ನೀರು ಹರಿಯುತ್ತಿತ್ತು. ಬಗ್ಗಿ ನೋಡಿದೆ. ತಳದ ಕಲ್ಲು ಕಾಣುತ್ತಿತ್ತು.

"ಸಾಫ್ ಹೈ ಪಪ್ಪಾ" ಎಂದಳು ಮಗಳು. ಬೊಗಸೆಯಲ್ಲಿ ಹಿಡಿದು ತೋರಿಸಿದಳು.

"ಅಕ್ಕಾರ ಗೆದ್ರು" ಎಂದರು ಹಿರಿಯರು. ಆಮೇಲೆ ಪಾತಿಯ ಇನ್ನೊಂದು ತುದಿಗೆ ಕೈ ತೋರಿಸಿದರು. "ಆದ್ರ ಆ ಮೂಲಿ ನೋಡ್ರಿ. ಅಲ್ಲಿ ರಾಡಿ ಬರಾಕತ್ತೈತಿ."

ಹೌದು, ಅಲ್ಲಿ ನೀರು ಕದಡಿ ಬರುತ್ತಿತ್ತು. ಲಾವಂಚದ ಸಾಲು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಅಷ್ಟರಲ್ಲಿ ಅವಳಿಗೆ ಜ್ವರ ಬಂದಿತ್ತು. ಮಗಳು ದಟ್ಟವಾಗಿದ್ದ ಬುಡದಿಂದ, ಅಲ್ಲಿ ನೆಡಲೆಂದು, ಬೇರುಸಹಿತ ಒಂದು ಹಿಳ್ಳು ಕಿತ್ತು ತಂದಳು. ಹಿರಿಯರು ಟೆಂಪೊದಿಂದ ಬೊಂಡದ ಸಿಪ್ಪೆ ಇಳಿಸಿದರು. ಮಳೆಯಲ್ಲಿ ಮಂಡಿಯೂರಿ ಕೂತು ಆ ಮೂಲೆಗೆ ನಾನು ಅವನ್ನು ಒಂದೊಂದಾಗಿ ಜೋಡಿಸಿದೆ, ಬೋರಲಾಗಿ.