ಮೆಸ್ಸಿನ ಅಕ್ಕನ ಒಪ್ಪಿಗೆ

ಬಲಗೈ ಹೆಬ್ಬೆರಳಿನ ಉಗುರನ್ನು ಅವರು ಕತ್ತರಿಸುತ್ತಿರಲಿಲ್ಲ. ಉಳಿದ ಒಂಬತ್ತೂ ಅಡುಗೆಯವರ ಉಗುರುಗಳು, ಬುಡದವರೆಗೆ ತೆಗೆದವು. ಅದೊಂದು ಮಾತ್ರ ಹಳದಿಗಟ್ಟಿ, ದಪ್ಪವಾಗಿ, ತುದಿಯಲ್ಲಿ ತುಸು ಓರೆಯಾಗಿ ಬೆಳೆದಿತ್ತು. ಖರ್ಜೂರದ ಗರಿಯ ದಂಡಿಗೆ ಅದನ್ನು ಊರಿ ಎಳೆದರೆ ಸಿಪ್ಪೆ ಒಂದೇ ಅಗಲಕ್ಕೆ ಉದ್ದಕ್ಕೂ ಸೀಳಿಕೊಂಡು ಬರುತ್ತಿತ್ತು. ದುಬೈಯ ಅಲ್ ಬರ್ಷಾದ ರಸ್ತೆ ಬದಿಯ ಮರಗಳ ಗರಿ ಸವರುವ ದಿನ ಅವರು ಕೆಲಸಗಾರರನ್ನು ಕೇಳಿ ಒಂದು ಹೊರೆ ತರುತ್ತಿದ್ದರು. ಅದರಲ್ಲಿ ಅನ್ನ ಬಸಿಯುವ ಬುಟ್ಟಿ ಹೆಣೆಯುತ್ತಿದ್ದರು. ನಮ್ಮ ಕಡೆ ಅದಕ್ಕೆ ಕುಡುಪು ಎನ್ನುತ್ತಾರೆ. ಕುಚ್ಚಲಕ್ಕಿಯ ಅನ್ನವನ್ನು ಸ್ಟೀಲಿನಲ್ಲಿ ಬಸಿದರೆ ಅದು ಬೆವರುತ್ತದೆ ಎಂಬುದು ಅವರ ವಾದ.

ಅವರು ನಮ್ಮ ಮೆಸ್ಸಿನ ಅಕ್ಕ. ಊರಿನವನೊಬ್ಬ ನಡೆಸುತ್ತಿದ್ದ ಸಣ್ಣ ಕೇಟರಿಂಗಿನಲ್ಲಿ ಅಡುಗೆಗಿದ್ದರು. ಆಫೀಸು, ಆಸ್ಪತ್ರೆ, ಹೋಟೆಲುಗಳಲ್ಲಿ ದುಡಿಯುವ ಉಡುಪಿ, ಮಂಗಳೂರು ಕಡೆಯ ನಾವು ಮೂವತ್ತು ನಲವತ್ತು ಮಂದಿ ಅಲ್ಲಿ ಉಣ್ಣುತ್ತಿದ್ದೆವು. ಎಲ್ಲರಿಗೂ ಬಡಿಸಿ ಮುಗಿದ ಮೇಲೆ ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ, ಉಣ್ಣುವವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ಉಪ್ಪು ಸರಿ ಇದೆಯೇ ಎಂದು ನೋಡುವುದು ಎಂದುಕೊಂಡಿದ್ದೆ. ಊರೆಲ್ಲಿ ಎಂದು ಕೇಳಿದವರಿಗೆ "ಕಾರ್ಕಳದಿಂದ ಆಚೆ" ಎನ್ನುತ್ತಿದ್ದರು. ಆ ಆಚೆಯಲ್ಲಿ ಒಬ್ಬೊಬ್ಬರೂ ತಮಗೆ ಬೇಕಾದ ಜಾತಿಯನ್ನು ತುಂಬಿಕೊಂಡಿದ್ದರು. ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ದುಬೈಯಲ್ಲಿ ನಾವು ಅಷ್ಟು ನಾಗರಿಕರು.

ಮೆಸ್ಸಿನ ಕೆಲವೇ ಹೆಂಗಸರಲ್ಲಿ ಒಬ್ಬಳಾದ ನಾನು ಹಗಲು ಕಂಪೆನಿಯೊಂದರ ಖರೀದಿ ವಿಭಾಗದಲ್ಲಿದ್ದೆ; ಸಂಜೆ ವಿದೇಶಿ ವಿಶ್ವವಿದ್ಯಾಲಯವೊಂದರ ಬಿಸಿನೆಸ್ ಪದವಿಗೆ ಓದುತ್ತಿದ್ದೆ. ಮೂಲನಿವಾಸಿಗಳ ವ್ಯವಹಾರ ನನ್ನ ವಿಶೇಷ ವಿಷಯ. ಅದನ್ನು ಆರಿಸಿದ್ದೇಕೆಂದು ಸಂದರ್ಶನಗಳಲ್ಲಿ ಏನೇನೋ ಹೇಳಿದ್ದೇನೆ. ನಿಜವೆಂದರೆ ಅದರ ತರಗತಿಗಳ ಹೊತ್ತು ನನ್ನ ಡ್ಯೂಟಿಗೆ ಹೊಂದುತ್ತಿತ್ತು. ನಮ್ಮ ಅಧ್ಯಾಪಕಿ ದೂರದ ದ್ವೀಪವೊಂದರ ಮೂಲನಿವಾಸಿ ಹೆಂಗಸು. ಪ್ರತಿ ಪಾಠದ ಆರಂಭದಲ್ಲೂ ಸ್ಕ್ರೀನಿನಲ್ಲಿ ತನ್ನ ಬೆಟ್ಟ, ತನ್ನ ನದಿ, ತನ್ನ ಕುಲದ ಹೆಸರು ಹೇಳಿಯೇ ಮುಂದುವರಿಯುತ್ತಿದ್ದರು. ಅದನ್ನು ಒಂದು ದಿನ ಅಕ್ಕನಿಗೆ ಹೇಳಿದೆ.

ಅಕ್ಕ ಸಿಪ್ಪೆ ಸೀಳುವುದನ್ನು ನಿಲ್ಲಿಸಲಿಲ್ಲ. "ಅವರಾಗಿಯೇ ಹೇಳ್ತಾರಾ? ಯಾರೂ ಕೇಳದೆ?"

"ಹೌದಕ್ಕ. ಹೆಮ್ಮೆಯಿಂದ."

"ನಮಗೆ ಹೇಳುವ ಕೆಲಸವೇ ಇರಲಿಲ್ಲ ಮಗಾ. ಊರಿಡೀ ನಮ್ಮ ಪರವಾಗಿ ಹೇಳ್ತಿತ್ತು."

ಆಮೇಲೆ, ಅದೇ ದಿನವೋ ವಾರ ಕಳೆದೋ, ತಾನು ಕೊರಗ ಜಾತಿಯವಳು ಎಂದರು. ಬುಟ್ಟಿ ಹೆಣೆಯುವ, ಊರು ಅಂಗಳದಾಚೆಗೇ ನಿಲ್ಲಿಸಿದ ಜನ. ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತರುವಾಗ ಅವರ ಮಾತನ್ನು ನಾನು ಎಷ್ಟು ನಯ ಮಾಡಿದ್ದೇನೋ ತಿಳಿಯದು. ಆದರೆ ಒಂದು ಮಾತು ಹೀಗೆಯೇ ಇತ್ತು: "ಊರಲ್ಲಿ ನನ್ನ ಬುಟ್ಟಿಯಲ್ಲಿ ಅನ್ನ ಬಸೀತಿದ್ರು. ನನ್ನ ಕೈಯ ಅನ್ನ ಉಣ್ತಿರಲಿಲ್ಲ. ಇಲ್ಲಿ ಉಣ್ತಾರೆ. ನಾನು ವಿಮಾನ ಹತ್ತಿದ್ದು ಸಂಬಳಕ್ಕೆ ಅಂತ ಮನೆಯವರು ತಿಳ್ಕೊಂಡಿದ್ದಾರೆ." ಬಾಗಿಲಿಗೆ ಒರಗಿ ಅವರು ನೋಡುತ್ತಿದ್ದುದು ಏನೆಂದು ಆಗ ತಿಳಿಯಿತು.

ತಿಳಿದ ಮೇಲೆ ಸುಮ್ಮನಿರಬಹುದಿತ್ತು. ನನಗೆ ಪದವಿಯ ಕೊನೆಯ ಯೋಜನೆಗೆ ವಿಷಯ ಬೇಕಿತ್ತು.

ವಿಶ್ವವಿದ್ಯಾಲಯದ ಒಪ್ಪಿಗೆ ಪತ್ರ ಎರಡು ಪುಟ, ಇಂಗ್ಲಿಷಿನಲ್ಲಿ. ಒಪ್ಪಿಗೆ ಕೇಳುವುದು ಹೇಗೆಂಬುದಕ್ಕೇ ನಮಗೆ ಒಂದು ಪಾಠವಿತ್ತು. ಅದರಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಹೆಸರಿಲ್ಲ, ಫೋಟೊದಲ್ಲಿ ಮುಖವಿಲ್ಲ, ಕೈ ಮತ್ತು ಬುಟ್ಟಿ ಮಾತ್ರ ಎಂದೆ. ಅಕ್ಕ ಪತ್ರವನ್ನು ತಿರುಗಿಸಿ ನೋಡಿದರು.

"ಇದರಲ್ಲಿ ನನ್ನ ಜಾತಿ ಉಂಟಾ?"

"ಜಾತಿ ಅಲ್ಲಕ್ಕ. ಇಂಡಿಜಿನಸ್ ಅಂತ ಉಂಟು. ಮೂಲನಿವಾಸಿ ಅಂತ."

"ಒಳ್ಳೆ ಶಬ್ದವಾ?"

"ತುಂಬ ಒಳ್ಳೆ ಶಬ್ದ."

"ಇಲ್ಲಿಯವರಿಗೆ ಗೊತ್ತಾಗಬಾರದು, ಅಷ್ಟೇ," ಎಂದು ಸಹಿ ಹಾಕಿದರು.

ಅಧ್ಯಾಪಕಿ ಮೆಚ್ಚಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಊರವರ ಸಂಘದವರು ಹೆಂಗಸರ ಉದ್ಯಮದ ಬಗ್ಗೆ ಕಾರ್ಯಕ್ರಮ ಇಟ್ಟುಕೊಂಡಿದ್ದರು, ಮಾತಾಡಲು ನನ್ನನ್ನು ಕರೆದರು. ಅವರು ಕೇಳಿರಲಿಲ್ಲ, ಅದೇ ಯೋಜನೆಯ ಚಿತ್ರಗಳನ್ನು ನಾನೇ ಕೊಂಡೊಯ್ದೆ. ಹೆಸರಿಲ್ಲ, ಮುಖವಿಲ್ಲ, ಹಾಗಾಗಿ ತಪ್ಪಿಲ್ಲ. ದ್ವೀಪದ ಅಧ್ಯಾಪಕಿಗೆ ಅದು ಯಾರದೋ ಕೈ. ಈ ಸಭೆಯಲ್ಲಿ ಅರ್ಧದಷ್ಟು ಜನಕ್ಕೆ ಅದು ದಿನಾ ಅನ್ನ ಬಡಿಸುವ ಕೈ. 'ಕೊರಗ' ಎಂಬ ದೊಡ್ಡ ಅಕ್ಷರಗಳ ಕೆಳಗೆ ಆ ಉಗುರು ಗೋಡೆಯಷ್ಟು ದೊಡ್ಡದಾಗಿ ಮೂಡಿದಾಗ ಸಭೆ ಮೌನವಾಯಿತು. ನನ್ನ ಮಾತಿಗೆ ಮೌನವಾದದ್ದು ಎಂದುಕೊಂಡೆ. ಆಮೇಲೆ ಬಹಳ ಹೊತ್ತು ಚಪ್ಪಾಳೆ ತಟ್ಟಿದರು.

ಮಧ್ಯಾಹ್ನದ ಊಟ ನಮ್ಮ ಮೆಸ್ಸಿನದೇ. ಅಕ್ಕ ಹೊಸ ಸೀರೆಯುಟ್ಟು, ಸೌಟು ಹಿಡಿದು, ಅನ್ನದ ಪಾತ್ರೆಯ ಹಿಂದೆ ನಿಂತಿದ್ದರು. ಒಳಗೆ ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ಜನ ತಟ್ಟೆ ಎತ್ತಿಕೊಂಡರು, ಸಾಲಿನಲ್ಲಿ ಬಂದರು, ಅನ್ನದ ಹತ್ತಿರ ಬರುವಾಗ ಸಾಲು ತಾನಾಗಿ ಬಾಗಿ ಹಣ್ಣಿನ ಮೇಜಿಗೆ ಹೋಯಿತು. ಯಾರೂ ಮುಖ ಸಿಂಡರಿಸಲಿಲ್ಲ. ನಾವೆಲ್ಲ ದೊಡ್ಡಣ್ಣ ಎನ್ನುತ್ತಿದ್ದ, ಮೆಸ್ಸಿನ ಅತಿ ಹಳೆಯ ಗಿರಾಕಿ ಮಾತ್ರ ಅಕ್ಕನ ಮುಂದೆ ನಿಂತರು.

"ಎಂಥ ದೊಡ್ಡಣ್ಣ, ಗಂಜಿ ಬೇಕಾ?" ಅಕ್ಕ ಕೇಳಿದರು.

"ಇವತ್ತು ಉಪವಾಸ ಅಕ್ಕ."

"ಯಾವ ದೇವರದ್ದು?"

"ಡಾಕ್ಟರದ್ದು," ಎಂದು ನಗಿಸಿ, ಬಾಳೆಹಣ್ಣು ಸುಲಿಯುತ್ತ ಹೋದರು. ಅಕ್ಕನೂ ನಕ್ಕರು. ನಗು ಮುಗಿಯುವ ಮೊದಲೇ ಅವರ ಕಣ್ಣು ನನ್ನನ್ನು ಹುಡುಕಿತು.

ಮುಂದಿನ ವಾರಗಳಲ್ಲಿ ಮೆಸ್ಸಿನ ವಾಟ್ಸಾಪ್ ಗುಂಪಿನಲ್ಲಿ ಊಟ ಬಿಡಲು ಕಾರಣಗಳು ಬಂದವು: ಒಬ್ಬರಿಗೆ ಶುಗರ್, ಒಬ್ಬರಿಗೆ ಗ್ಯಾಸ್ಟ್ರಿಕ್, ಇನ್ನೊಬ್ಬರ ಹೆಂಡತಿ ಊರಿನಿಂದ ಬಂದಳು. ಮಾಲೀಕ ಒಳ್ಳೆಯವನು, ಅಕ್ಕನನ್ನು ತೆಗೆಯಲಿಲ್ಲ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಕಾರ್ಖಾನೆಗಳಿಗೆ ಊಟ ಕಳಿಸುವ ಅವನ ಇನ್ನೊಂದು ಅಡುಗೆಮನೆಗೆ ಹಾಕಿದ. ಅಲ್ಲಿ ಪಾತ್ರೆ ತೊಳೆಯುವುದು. ಅಲ್ ಬರ್ಷಾಕ್ಕೆ ಹೊಸ ಅಡುಗೆಯವಳು ಬಂದ ಮೇಲೆ ಎಲ್ಲರ ಶುಗರೂ ಗುಣವಾಯಿತು.

ನೋಡಲು ಹೋದೆ. ಲಾರಿಗಳು ಹೊರಡುವ ಹಿಂಬಾಗಿಲಿನಲ್ಲಿ ಅಕ್ಕ ರಬ್ಬರಿನ ಕೈಗವಸು ತೊಟ್ಟು ನಿಂತಿದ್ದರು, ತೆಗೆಯಲಿಲ್ಲ. ನಾನು ಹೆಸರು ಹೇಳಲಿಲ್ಲ, ಮುಖ ತೋರಿಸಲಿಲ್ಲ ಎಂದು ಶುರುಮಾಡಿದೆ.

"ಗೊತ್ತುಂಟು. ಕಾಗದದಲ್ಲಿ ಬರೆದ ಹಾಗೆಯೇ ಮಾಡಿದ್ದೀ," ಎಂದರು. "ನಾನು ಕಾಗದಕ್ಕೆ ಒಪ್ಪಿದ್ದಲ್ಲ ಮಗಾ, ನಿನಗೆ ಒಪ್ಪಿದ್ದು."

ಕೈಗವಸಿನ ನೀರು ಕೊಡವಿ, "ಅವತ್ತು ನೀನು ಉಂಡೆಯಾ?" ಎಂದು ಕೇಳಿದರು.

ಉಂಡೆ ಎಂದೆ. ಬಹಳ ಕಾಲ ಹಾಗೆಯೇ ನಂಬಿದ್ದೆ. ಸಾಲು ಬಾಗಿದಾಗ ನಾನೊಬ್ಬಳೇ ನೇರ ಹೋಗಿ ತಟ್ಟೆ ಚಾಚಿದ್ದು, ಅನ್ನದ ಹಬೆ ಕನ್ನಡಕಕ್ಕೆ ಕವಿದದ್ದು ಎಲ್ಲವೂ ನೆನಪಿನಲ್ಲಿತ್ತು. ಆಮೇಲೆ ಸಂಘದವರು ಕಾರ್ಯಕ್ರಮದ ಫೋಟೊಗಳನ್ನು ಕಳಿಸಿದರು. ಒಂದರಲ್ಲಿ ಅತಿಥಿಗಳ ನಡುವೆ ನಾನಿದ್ದೇನೆ. ಕೈಯಲ್ಲಿ ಕಲ್ಲಂಗಡಿ ಹೋಳುಗಳ ತಟ್ಟೆ. ಅತಿಥಿಗಳು ಮಾತಿಗೆ ಹಿಡಿದಿದ್ದರೆಂದು ಸಮಜಾಯಿಷಿ ಕೊಟ್ಟುಕೊಳ್ಳಬಹುದು. ಅಕ್ಕ ಅಲ್ಲೇ ಪಾತ್ರೆಯ ಹಿಂದೆ ನಿಂತು ನೋಡುತ್ತಿದ್ದರು. ಆದ್ದರಿಂದ ಅವರು ಕೇಳಿದ್ದು ತಿಳಿದುಕೊಳ್ಳಲು ಅಲ್ಲ.

ವೀಸಾ ಮುಗಿದಾಗ ಅಕ್ಕ ನವೀಕರಿಸಲು ಕೇಳಲಿಲ್ಲ, ಊರಿಗೆ ಹೋದರು. ನನಗೆ ಪದವಿ ಬಂತು. ಅದರ ಬಲದಲ್ಲಿ ಅಬುಧಾಬಿಯಲ್ಲಿ ಕೆಲಸ ಸಿಕ್ಕಿತು: ಬೇರೆ ಬೇರೆ ದೇಶಗಳ ಬುಡಕಟ್ಟಿನವರು ಮಾಡಿದ ವಸ್ತುಗಳನ್ನು ದೊಡ್ಡ ಹೋಟೆಲುಗಳಿಗೆ ಕೊಡಿಸುವುದು. ಒಪ್ಪಿಗೆ ಪತ್ರಗಳನ್ನು ಈಗ ನಾನೇ ಬರೆಯುತ್ತೇನೆ, ಅವರವರ ಭಾಷೆಯಲ್ಲಿ. ಅದಕ್ಕಾಗಿ ಕಂಪೆನಿಯಲ್ಲಿ ನನಗೆ ಒಳ್ಳೆಯ ಹೆಸರಿದೆ.

ಕಳೆದ ವರ್ಷ ಮೆಸ್ಸಿನ ಗುಂಪಿನಲ್ಲಿ ಮಾಲೀಕ ಸುದ್ದಿ ಹಾಕಿದ: ಊರಿನಲ್ಲಿ ಅಕ್ಕ ತೀರಿಕೊಂಡರು, ಜ್ವರವಂತೆ. ಮೊದಲು ದೊಡ್ಡಣ್ಣ ಬರೆದರು: "ಅವರ ಕೈರುಚಿ ಎಂದೂ ಮರೆಯಲಾರೆ." ಅದರ ಕೆಳಗೆ ಕೈಮುಗಿದ ಚಿತ್ರಗಳು ಒಂದರ ಹಿಂದೆ ಒಂದು ಬಂದವು. ಉತ್ತರ ಬರೆದೆ, ಅಳಿಸಿದೆ. ಮತ್ತೆ ಬರೆದೆ, ಅಳಿಸಿದೆ. ನಾನು ಏನೋ ಬರೆಯುತ್ತಿದ್ದೇನೆಂದು ಎಲ್ಲರಿಗೂ ಕಾಣುತ್ತಿತ್ತು.

ಕೊನೆಗೆ ನಾನೂ ಕೈಮುಗಿದ ಚಿತ್ರವನ್ನೇ ಒತ್ತಿದೆ.