ಖಾಲಿ ಬೀದಿಯ ಹನ್ನೊಂದು ಚಿತ್ರಗಳು

ನಿವೃತ್ತಿಯ ನಂತರ ನಾನೂ ಹೆಂಡತಿಯೂ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಮಗಳ ಮನೆಯಲ್ಲಿದ್ದೇವೆ. ಕಳೆದ ವರ್ಷ ನಗರದಲ್ಲಿ ಕೊಚ್ಚಿಯ ಅಳಿದುಹೋದ ಬೀದಿಗಳ ಹಳೆಯ ಫೋಟೋಗಳ ಪ್ರದರ್ಶನವಿತ್ತು. ಕೊಚ್ಚಿಯಲ್ಲೇ ಸರ್ಕಾರಿ ಕೆಲಸ ಮಾಡಿದ ಅಪ್ಪನಿಗೆ ಖುಷಿಯಾದೀತೆಂದು ಮಗಳು ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು.

ಮೂರನೆಯ ಗೋಡೆಯ ಮುಂದೆ ನಾನು ನಿಂತುಬಿಟ್ಟೆ. ಅಲ್ಲಿದ್ದ ಹನ್ನೊಂದು ಚಿತ್ರಗಳನ್ನೂ ತೆಗೆದವನು ನಾನೇ. ಕೆಳಗೆ ‘ಹಳೆಯ ಸರ್ಕಾರಿ ಕಡತಗಳಿಂದ; ಛಾಯಾಗ್ರಾಹಕರು ತಿಳಿದಿಲ್ಲ’ ಎಂದು ಬರೆದಿದ್ದರು.

ಆ ಚಿತ್ರಗಳನ್ನು ತೆಗೆದಾಗ ನಾನು ಭೂಸ್ವಾಧೀನದ ಕಚೇರಿಯೊಂದರಲ್ಲಿ ಗುಮಾಸ್ತ. ರಸ್ತೆ ಅಗಲ ಮಾಡಲು ಕೊಚ್ಚಿಯ ಎರ್ನಾಕುಲಂ ಭಾಗದ ಒಂದು ಓಣಿಯನ್ನು ಕೆಡವಬೇಕಿತ್ತು. ಕೆಡವುವ ಮೊದಲು ಪ್ರತಿ ಮನೆಯ ಫೋಟೋ ಕಡತಕ್ಕೆ ಸೇರಬೇಕು. ಕಚೇರಿಯ ಕ್ಯಾಮೆರಾಕ್ಕೆ ರೀಲು ಹಾಕಲು ನನಗೊಬ್ಬನಿಗೇ ಬರುತ್ತಿದ್ದುದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಹೊರಡುವಾಗ ಮೇಲಧಿಕಾರಿ ಕರೆದು ಹೇಳಿದರು: “ಚಿತ್ರದಲ್ಲಿ ಜನ ಬರಬಾರದು. ಜನ ಕಂಡರೆ ಅಲ್ಲಿ ವಾಸ ಇದೆ ಅಂತಾಗುತ್ತದೆ. ಆಮೇಲೆ ಬಾಡಿಗೆಯವರೆಲ್ಲ ಬೇರೆ ಜಾಗ ಕೇಳುತ್ತಾರೆ.”

“ಆಯ್ತು ಸಾರ್” ಎಂದೆ. ಅದರ ಅರ್ಥ ಆಗ ತಿಳಿದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಸರಗೋಡು ಬಿಟ್ಟು ಬಂದವನು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈ ಕಾರಣವನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಓಣಿಯ ಕೊನೆಯ ಮನೆಯಲ್ಲಿ ದೋಸೆ ಹಿಟ್ಟು ಕಡೆದು ಹೋಟೆಲುಗಳಿಗೆ ಕೊಡುವ ಒಬ್ಬ ಹೆಂಗಸು ಬಾಡಿಗೆಗಿದ್ದಳು. ಕ್ಯಾಮೆರಾ ಕಂಡು ಕೈತೊಳೆದು ಬಂದಳು. ಮೆಟ್ಟಿಲಲ್ಲಿ ಕುಳಿತಿದ್ದ ಮುದುಕಿ ತಾಯಿಯ ತಲೆ ಬಾಚಿದಳು.

“ಸಾರೇ, ಅಮ್ಮನೂ ಬರಲಿ. ಅಮ್ಮನ ಫೋಟೋ ಒಂದೂ ಇಲ್ಲ” ಎಂದಳು ಮಲಯಾಳದಲ್ಲಿ.

“ಚೇಚಿ, ಸ್ವಲ್ಪ ಆಚೆ ನಿಲ್ಲಿ. ಮನೆಯದ್ದು ಮಾತ್ರ ಸಾಕು” ಎಂದೆ. ಚೇಚಿ ಎಂದರೆ ಅಕ್ಕ; ಅಲ್ಲಿ ಎಲ್ಲ ಹೆಂಗಸರನ್ನೂ ಹಾಗೇ ಕರೆಯುವುದು.

ಅವಳು ತಾಯಿಯನ್ನು ಎಬ್ಬಿಸಿ ಪಕ್ಕಕ್ಕೆ ಕರೆದೊಯ್ದಳು. ನಾನು ಹೇಳದೆಯೇ ಹಗ್ಗದ ಮೇಲಿನ ಬಟ್ಟೆಗಳನ್ನು ತೆಗೆದಳು, ಹಿಟ್ಟಿನ ಪಾತ್ರೆಗಳನ್ನು ಒಳಗಿಟ್ಟಳು. “ಮನೆ ಚೆಂದ ಕಾಣಲಿ, ಅಲ್ವಾ ಸಾರೇ?” ಎಂದು ನಕ್ಕಳು. ನಾನು ಗುಂಡಿ ಒತ್ತಿದೆ.

ಕೆಲವು ತಿಂಗಳ ಮೇಲೆ, ಬೇರೆ ಜಾಗ ಕೇಳಿ ಅವಳು ಹಾಕಿದ್ದ ಅರ್ಜಿ ತಿರಸ್ಕೃತವಾಯಿತು. ವಾಸವಿದ್ದುದಕ್ಕೆ ಪುರಾವೆ ಇಲ್ಲ ಎಂಬ ಒಕ್ಕಣೆ, ಜೊತೆಗೆ ನಾನು ತೆಗೆದ ಫೋಟೋ. ಅವಳು ಕಚೇರಿಗೆ ಬಂದು ಆ ಫೋಟೋವನ್ನು ನನ್ನ ಮೇಜಿನ ಮೇಲಿಟ್ಟಳು.

“ಅಮ್ಮನನ್ನು ಎಬ್ಬಿಸಿದ್ದು ನೀವೇ ಅಲ್ವಾ ಸಾರೇ?”

ನಾನು ಕಡತದ ಮುಂದಿನ ಹಾಳೆ ತಿರುವಿದೆ. ಅವಳು ಹೊರಟುಹೋದಳು. ತಾಯಿ ಮಗಳು ಹಿನ್ನೀರಿನಾಚೆಯ ವಲ್ಲಾರ್ಪಾಡಂ ದ್ವೀಪದ ಕಡೆ ಯಾರೋ ನೆಂಟರ ಮನೆ ಸೇರಿದರೆಂದು ಆಮೇಲೆ ಕೇಳಿದೆ. ದೋಣಿ ಹತ್ತಿದರೆ ತಲುಪುವಷ್ಟೇ ದೂರ. ಹೋಗಲಿಲ್ಲ.

ಪ್ರದರ್ಶನದಲ್ಲಿ ಆ ಮನೆಯ ಚಿತ್ರದ ಮುಂದೆ ಒಂದು ಜೋಡಿ ನಿಂತಿತ್ತು. “ಎಂಥ ಶಾಂತಿ ನೋಡು, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ” ಎಂದ ಹುಡುಗ. ಇವು ನನ್ನ ಚಿತ್ರಗಳು ಎಂದು ಮಗಳಿಗೆ ಹೇಳಿಬಿಟ್ಟೆ. ಅವಳು ಓಡಿಹೋಗಿ ಸಂಘಟಕರನ್ನು ಕರೆತಂದಳು.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಹಿಡಿತ ಸಡಿಲವಾಯಿತು.

“ಸಾರ್, ಅದೆಲ್ಲ ಯಾಕೆ ಈಗ? ಜನ ಹಳೆಯದನ್ನು ನೋಡಿ ಸಂತೋಷಪಡಲು ಬಂದಿದ್ದಾರೆ. ನಿಮ್ಮ ಹೆಸರು ಹೇಳಿ, ಕೆಳಗೆ ಹಾಕಿಸುತ್ತೇನೆ.”

ಪಕ್ಕದಲ್ಲಿದ್ದ ಹೆಂಡತಿ ಕನ್ನಡದಲ್ಲಿ ಕೇಳಿದಳು: “ಆ ಹೆಂಗಸಿನ ಹೆಸರು ಎಂತ? ಅದು ನೆನಪುಂಟಾ ನಿಮಗೆ?”

ಇರಲಿಲ್ಲ. ಕಡತದಲ್ಲಿ ಅವಳು ಬರೀ ಒಂದು ಮನೆ ನಂಬರು. ಸಂಘಟಕರು ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ನನ್ನ ಹೆಸರು ಹೇಳಿದೆ.

ವಾರದೊಳಗೆ ಹನ್ನೊಂದು ಚಿತ್ರಗಳ ಕೆಳಗೂ ನನ್ನ ಹೆಸರು ಬಂತು. ಮಗಳು ಅದನ್ನು ಮೊಬೈಲಿನಲ್ಲಿ ಬಂಧುಗಳಿಗೆಲ್ಲ ಕಳಿಸಿದಳು. ಕಾಸರಗೋಡಿನಿಂದ ಫೋನುಗಳು ಬಂದವು, ಇಂಥ ಕಲಾವಿದ ನಮ್ಮ ಮನೆತನದಲ್ಲಿದ್ದದ್ದು ಗೊತ್ತೇ ಇರಲಿಲ್ಲ ಎಂದರು. ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಒಬ್ಬೊಬ್ಬರಿಗೂ ತಪ್ಪದೆ ಧನ್ಯವಾದ ಹೇಳಿದೆ.