ಸಹಿಯಾದ ಪ್ರೂಫ್ ಮತ್ತು ಅರವತ್ತನಾಲ್ಕು ಪುಟ

ಇದನ್ನು ಬರೆಯುವುದನ್ನು ಮೂರು ವರ್ಷ ಮುಂದೂಡಿದ್ದೇನೆ. ಕಣ್ಣು ಮಂಜಾಗಿದೆ ಎಂದೆ, ಕೈ ನಡುಗುತ್ತದೆ ಎಂದೆ. ಎರಡೂ ಸುಳ್ಳು. ನಾಚಿಕೆಯಾಗುತ್ತಿತ್ತು, ಅಷ್ಟೇ.

ಕೊರೊನಾ ಮುಗಿದ ಮರುವರ್ಷ ನಾನು ಬೀದರಿನ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಕಸುಬು ಕಲಿತದ್ದು ಅಚ್ಚುಮೊಳೆಯ ಕಾಲದಲ್ಲಿ. ನಮ್ಮಲ್ಲಿ ಒಂದು ಕಟ್ಟಳೆ ಇತ್ತು: ಬರೆದವರು ಕೊನೆಯ ಪ್ರೂಫ್ ಓದಿ ಪ್ರತಿ ಪುಟಕ್ಕೆ ಸಹಿ ಹಾಕಿದ ಮೇಲೆ ಒಂದಕ್ಷರವನ್ನೂ ಮುಟ್ಟಬಾರದು. ಹೊಸಬರಿಗೆ ಬೈದು ಬೈದು ಇದನ್ನು ಕಲಿಸಿದವನು ನಾನೇ.

ಭಾಲ್ಕಿಯ ಒಂದು ತರಬೇತಿ ಕೇಂದ್ರದಿಂದ ಅರವತ್ತನಾಲ್ಕು ಪುಟದ ಪುಸ್ತಿಕೆ ಬಂತು. ಬರೆದವರು ಅಲ್ಲಿ ಜರ್ಮನ್ ಕಲಿಸುತ್ತಿದ್ದ ಮೇಡಂ. ಔರಾದ ಕಡೆಯ ಠಾಣಾ ಕುಶನೂರದವರು, ಜರ್ಮನಿಯ ವೃದ್ಧಾಶ್ರಮದಲ್ಲಿ ಆರು ವರ್ಷ ನರ್ಸ್ ಆಗಿದ್ದು, ತಾಯಿಯ ಕಾಯಿಲೆಗೆಂದು ಮರಳಿದ್ದರು. ಆ ದೇಶಕ್ಕೆ ಹೊರಟ ನಮ್ಮ ನರ್ಸ್ ಹುಡುಗಿಯರಿಗಾಗಿ ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಭಾಷೆಗಳ ಸಣ್ಣ ಪದಗಳನ್ನು ಪಕ್ಕಪಕ್ಕ ಇಟ್ಟು, ಅವುಗಳ ಬೇರು ಹುಡುಕಿ ಬರೆದಿದ್ದರು.

‘ಗಿಫ್ಟ್: ವಿಷ’ ಎಂದಿದ್ದಲ್ಲಿ ನಾನು ಕೆಂಪು ಗೆರೆ ಎಳೆದೆ.

“ತಪ್ಪಲ್ರಿ ಕಾಕಾ,” ಎಂದು ಮೇಡಂ ನಕ್ಕರು. “ಇಂಗ್ಲಿಷಿನ್ಯಾಗ ಕಾಣಿಕಿ, ಜರ್ಮನಿನ್ಯಾಗ ವಿಷ. ಎರಡರ ಬೇರೂ ‘ಕೊಡೋದು’. ಹಕೀಮ ಕೊಟ್ಟಿದ್ದು ದವಾ, ದವಾ ಹೆಚ್ಚಾದ್ರ ವಿಷ. ಸ್ವೀಡನ್ನಿನ್ಯಾಗ ಲಗ್ನಾದವ್ರಿಗೂ ಇದೇ ಮಾತು!”

“ಅವ್ರು ತಿಳದವ್ರು ಬಿಡ್ರಿ,” ಎಂದೆ.

ಜರ್ಮನ್ನಿನ ‘ನೋಟ್’ ಎಂದರೆ ಸಂಕಟ, ತುರ್ತು. ಅದು ಇಂಗ್ಲಿಷಿನ ‘ನೀಡ್’ನ ಒಡಹುಟ್ಟು. “ನಮ್ಮ ಕಣ್ಣು ತೆಲುಗಿನ್ಯಾಗ ಕನ್ನು ಆಗಿಲ್ಲೇನ್ರಿ? ಹಂಗ,” ಎಂದರು. ಊಟದ ಡಬ್ಬಿ ಪಕ್ಕಕ್ಕಿಟ್ಟು ಓದಿದ ಪ್ರೂಫ್ ಅದೊಂದೇ.

ಆ ಪುಸ್ತಿಕೆಯ ಮೇಲೆ ಅವರ ನೌಕರಿ ನಿಂತಿತ್ತು. ಬೀದರಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಜರ್ಮನ್ ಶಿಕ್ಷಕಿಯ ಕಾಯಂ ಹುದ್ದೆ ಇತ್ತು. ಅವರಿಗೆ ಭಾಷೆಯ ಪದವಿ ಇರಲಿಲ್ಲ. ಸ್ವಂತ ಪುಸ್ತಕ ತೋರಿಸಿದರೆ ನೋಡೋಣ ಎಂದು ಕಾಲೇಜಿನವರು ಹೇಳಿದ್ದರು. ಸಹಿ ಹಾಕುವಾಗ ತಮ್ಮ ಹೆಸರಿದ್ದ ಪುಟವನ್ನು ಎರಡು ಸಲ ಸವರಿದರು.

ಮರುದಿನ ತರಬೇತಿ ಕೇಂದ್ರದ ನಿರ್ದೇಶಕ ಬಂದ. “ಲೇಖಕರು ಅಂತ ನನ್ನ ಹೆಸರು ಹಾಕ್ರಿ. ಕೇಂದ್ರ ನಂದು, ಆಕಿ ಕಲಿಸಿದ್ದು ನನ್ನ ಜಾಗಾದಾಗ. ಪುಸ್ತಕಾನೂ ನಂದ.”

ಆ ಕೇಂದ್ರದ ವರ್ಷದ ಮುದ್ರಣವೆಲ್ಲ ನಮ್ಮಲ್ಲೇ ಆಗುತ್ತಿತ್ತು. ಮುದ್ರಣಾಲಯದ ಮಾಲೀಕ ನನ್ನತ್ತ ತಿರುಗಿದ. “ಕಾಕಾ, ಒಂದ ಪುಟದ ಮಾತು. ಬದಲಿ ಮಾಡಿಬಿಡ್ರಿ.”

ಮಾಡಿದೆ. ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ಸಹಿಯಾದ ಪ್ರೂಫನ್ನು ಮೇಜಿನ ಖಾನೆಗೆ ತುರುಕಿ ಬೀಗ ಹಾಕಿದೆ.

ಪುಸ್ತಿಕೆ ಹೊರಬಂದ ಮೇಲೆ ಮೇಡಂ ಆ ಕಾಲೇಜಿನ ಪ್ರಾಂಶುಪಾಲರನ್ನೇ ಕರೆದುಕೊಂಡು ಬಂದರು. ಬೇರೆಯವರ ಪುಸ್ತಕವನ್ನು ತನ್ನದೆನ್ನುತ್ತಾಳೆ ಎಂದು ಅವರು ಅರ್ಜಿ ತಳ್ಳಿಹಾಕುವುದರಲ್ಲಿದ್ದರು.

“ಕಾಕಾ, ಪ್ರೂಫಿನ ಮ್ಯಾಲ ಸಹಿ ಯಾರದಿತ್ತು? ಅಷ್ಟ ಹೇಳ್ರಿ, ಸಾಕು.”

ಖಾನೆ ನನ್ನ ಮೊಣಕಾಲಿಗೆ ತಾಗುತ್ತಿತ್ತು. “ಭಾಳ ಪುಸ್ತಕ ಬರ್ತಾವ್ರಿ. ನೆನಪಿಲ್ಲ.”

“ಕೆಂಪು ಗೆರಿ ಎಳದ್ರಲ್ಲ, ಅದು ಯಾವ ಮಾತಿಗೆ? ಅದರ ಅರ್ಥ ನಿಮಗ ಹೇಳಿದವ್ರು ಯಾರ್ರಿ?”

ನಾನು ಬೇರೊಂದು ಪ್ರೂಫ್ ಎಳೆದುಕೊಂಡು ತಿದ್ದತೊಡಗಿದೆ. ಪ್ರಾಂಶುಪಾಲರು ಗಡಿಯಾರ ನೋಡಿ ಎದ್ದರು. ಹುದ್ದೆ ಹೋಯಿತು. ಹೋಗುವ ಮುಂಚೆ ಮೇಡಂ ಹೇಳಿದ್ದು ಇಷ್ಟೇ: “ನಿಮ್ಮನ್ನ ಕಾಕಾ ಅಂದಿದ್ದೆ.”

ಪುಸ್ತಿಕೆ ಈಗ ಮೂರನೆಯ ಮುದ್ರಣ ಕಂಡಿದೆ. ಮುಖಪುಟದ ಮೇಲೆ ಆ ಕಳ್ಳನ ಹೆಸರನ್ನು ಕಂಡಾಗಲೆಲ್ಲ ಮೈ ಉರಿಯುತ್ತದೆ. ಆದರೆ ಆ ಹೆಸರಿಗೆ ಅಕ್ಷರ ಜೋಡಿಸಿದ ಬೆರಳು ನನ್ನವು. ಅವನಿಗಿಂತ ಹೆಚ್ಚು ನನ್ನನ್ನೇ ಬೈಯಬೇಕು. ಮೇಡಂ ಈಗ ಔರಾದದ ಆಚೆ, ಡಾಬಕಾದ ಕಡೆ ಒಂದು ದವಾಖಾನೆಯಲ್ಲಿ ನರ್ಸ್ ಎಂದು ಕೇಳಿದೆ. ಎರಡು ಸಲ ಬಸ್ಸು ಹತ್ತಿದೆ. ಎರಡು ಸಲವೂ ಔರಾದ ನಿಲ್ದಾಣದಿಂದಲೇ ಮರಳಿದೆ, ಹೇಡಿ.

ಜೀವನವಿಡೀ ಬೇರೆಯವರ ತಪ್ಪು ಹಿಡಿದೆ. ಸಾಕ್ಷಿ ಹೇಳಬೇಕಾದಾಗ ಸುಮ್ಮನಿರುವವನು ಎಷ್ಟು ತಪ್ಪು ತಿದ್ದಿದರೂ ವ್ಯರ್ಥ ಎಂದು ಈ ಕಸುಬು ನನಗೆ ತಡವಾಗಿ ಕಲಿಸಿತು. ಕೆಲಸ ಬಿಡುವಾಗ ಆ ಪ್ರೂಫನ್ನು ಮನೆಗೆ ತಂದಿದ್ದೇನೆ. ಕ್ಷಮೆ ಕೇಳುವ ಮೊದಲು, ಆ ಪುಸ್ತಿಕೆಯಿಂದ ನಾನು ತೆಗೆದ, ಮೇಡಂ ಹೆಸರಿದ್ದ ಸಾಲನ್ನು ಇಲ್ಲಿ ಮರಳಿಸುತ್ತೇನೆ.

ಬರೆದವರು: ಸಬೀಹಾ ಬೇಗಂ, ಠಾಣಾ ಕುಶನೂರ.